ಸ್ಟೀರಿಂಗ್ ಬಿಟ್ಟ ಯಜಮಾನರು, ಹೆಸರು ಬಿಡದ ಪಾಲಿಸಿ

ಶ್ರಾವಣ ಬಂತೆಂದರೆ ಆಂಧ್ರದ ಆದವಾನಿ ಸೀಮೆಯ ಉರುಕುಂದದಲ್ಲಿ ಈರಣ್ಣಸ್ವಾಮಿಯ ಜಾತ್ರೆಯ ಜೊತೆಗೆ ವಾಹನಗಳದೂ ಒಂದು ಜಾತ್ರೆ ನೆರೆಯುತ್ತದೆ. ಸೋಮವಾರ, ಗುರುವಾರಗಳಂದು ಗುಡಿಯ ಸುತ್ತಲಿನ ಬಯಲಲ್ಲಿ ರಾಯಚೂರಿನ ಕೆಎ 36, ಬಳ್ಳಾರಿಯ ಕೆಎ 34, ಕರ್ನೂಲಿನ ಹಳೆಯ ಎಪಿ 21, 2019ರಲ್ಲಿ ಆಂಧ್ರಕ್ಕೆಲ್ಲ ಒಂದೇ ಎಂದು ಬಂದ ಎಪಿ 39 ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅವುಗಳಲ್ಲಿ ಎಷ್ಟೋ ಕಾರುಗಳ ಆರ್‌ಸಿಯಲ್ಲಿರುವುದು ಹಿಂದಿನ ಸೀಟಿನಿಂದ ಕೈಹಿಡಿದು ಇಳಿಸಬೇಕಾದ ಹಿರಿಯರ ಹೆಸರು. ಓಡಿಸಿಕೊಂಡು ಬಂದವನು ಮಗನೋ ಅಳಿಯನೋ ಮೊಮ್ಮಗನೋ ಆಗಿರುತ್ತಾನೆ.

ಈ ಸೀಮೆಗೆ ಇದು ಹೊಸ ಸಂಗತಿ. ಇಲ್ಲಿ ಕಾರುಗಳು ಬಂದು ಬಹಳ ಕಾಲವಾಯಿತು. ಆದರೆ ಸ್ವಂತ ಕಾರನ್ನು ತಾವೇ ಓಡಿಸಿದ ಮಧ್ಯಮ ವರ್ಗದ ಮೊದಲ ತಲೆಮಾರು ಮುಪ್ಪಿಗೆ ಬಂದಿರುವುದು ಈಗ. ಅವರಿಗಿಂತ ಹಿಂದಿನ ಕಾರು ಮಾಲೀಕರಿಗೆ ಡ್ರೈವಿಂಗ್ ಬಿಡುವ ಪ್ರಶ್ನೆಯೇ ಏಳಲಿಲ್ಲ. ಅವರು ಓಡಿಸಿದ್ದರೆ ತಾನೆ ಬಿಡುವುದು!

ಭಾರತದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಹದಿನೆಂಟು ತುಂಬದವರು ಓಡಿಸಬಾರದು, ಅಪಘಾತವಾದರೆ ಗಾಡಿ ನಿಲ್ಲಿಸಬೇಕು ಎಂಬಂಥ ನಿಯಮಗಳು ಅದರಲ್ಲಿದ್ದವು. ವಿಮೆಯ ಮಾತು ಇರಲಿಲ್ಲ. ಮೋಟಾರು ಬಡಿದು ಯಾರಾದರೂ ಸತ್ತರೆ ಮನೆಯವರು 1855ರ ಮಾರಕ ಅಪಘಾತಗಳ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಗೆದ್ದರೂ ಗಾಡಿಯವನ ಕೈಯಲ್ಲಿ ಕಾಸಿದ್ದರೆ ಮಾತ್ರ ಪರಿಹಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1927ರಲ್ಲಿ, ಬ್ರಿಟನ್ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ವಿಮೆಯನ್ನು ಕಡ್ಡಾಯ ಮಾಡಿದವು. ಬ್ರಿಟನ್ನಿನ ಆ ಮಾದರಿಯೇ 1939ರ ಭಾರತೀಯ ಕಾಯ್ದೆಯ ಎಂಟನೇ ಅಧ್ಯಾಯವಾಗಿ ಬಂತು. ಕಾಯ್ದೆ ಬಂದರೂ ಆ ಅಧ್ಯಾಯ ಮಾತ್ರ ಮಹಾಯುದ್ಧ ಮುಗಿಯುವವರೆಗೆ ಕಾಯಿತು. 1946ರ ಜುಲೈ 1ರಿಂದ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ ಎಂದಾಯಿತು.

ಆ ದಿನ ಉರುಕುಂದ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿ ಜಿಲ್ಲೆ, ಆದವಾನಿ ತಾಲ್ಲೂಕು. 1800ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದ ಸೀಮೆ ಇದು. ತುಂಗಭದ್ರೆಯ ಆಚೆ ದಡದ ರಾಯಚೂರು ಮಾತ್ರ ಇನ್ನೂ ನಿಜಾಮರದ್ದೇ. ದೆಹಲಿಯಲ್ಲಿ ಮಾಡಿದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಈಚೆ ದಡದಲ್ಲಿ ಕಡ್ಡಾಯವಾದದ್ದನ್ನು ಅದೇ ಕಾಯ್ದೆಯ ಹೆಸರಲ್ಲಿ ಆಚೆ ದಡದಲ್ಲಿ ಕೇಳುವಂತಿರಲಿಲ್ಲ. ಸಂಸ್ಥಾನಗಳು ಒಕ್ಕೂಟದಲ್ಲಿ ಸೇರಿದ ಮೇಲಷ್ಟೇ ಎರಡೂ ದಡಕ್ಕೆ ಒಂದೇ ನಿಯಮ ಬಂತು. ಅಷ್ಟರಲ್ಲಿ ಇನ್ನೊಂದು ಗೆರೆ ಎದ್ದಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ, ಬಳ್ಳಾರಿಯೂ ಸೇರಿ ಉಳಿದ ಭಾಗ ಮೈಸೂರಿಗೆ ಹೋದವು. ಮನೆಮಾತು ಕನ್ನಡ, ಬೀಗತನ ಸಿರುಗುಪ್ಪ-ಬಳ್ಳಾರಿ ಕಡೆ, ಕಚೇರಿಯ ಕಾಗದ ತೆಲುಗಿನಲ್ಲಿ ಎಂಬ ಬದುಕು ಅಂದಿನಿಂದ ಶುರುವಾಯಿತು. ವಾಹನದ ಕಾಗದಗಳೂ ಆ ಗೆರೆಗೆ ಸಿಕ್ಕಿಕೊಂಡವು.

ಕಡ್ಡಾಯ ವಿಮೆ ಬಂದಾಗಿನ ಆದವಾನಿಯನ್ನು ಊಹಿಸಿಕೊಳ್ಳಬೇಕು. ಹತ್ತಿ ಪೇಟೆ, ಜಿನ್ನಿಂಗ್ ಫ್ಯಾಕ್ಟರಿ, ಎಣ್ಣೆ ಗಿರಣಿಗಳ ಊರು. ಅಂಥ ಊರಲ್ಲಿ ಕಾರು ಎಂದರೆ ಸಾಹುಕಾರರ ಕಾರು. ಸಾಹುಕಾರರು ಹಿಂದೆ, ಡ್ರೈವರ್ ಮುಂದೆ. ಕಾರು ಯಾರ ಹೆಸರಲ್ಲಿದೆಯೋ ಅವರು ಸ್ಟೀರಿಂಗ್ ಮುಟ್ಟದೆಯೇ ಆಯುಷ್ಯ ಕಳೆದಿರಬಹುದು. ಅವರಿಗೆ ಕಣ್ಣು ಮಂಜಾದರೆ ವ್ಯಾಪಾರಕ್ಕೆ ತೊಂದರೆ, ಕಾರಿಗೆ ಅಲ್ಲ. ಇಲ್ಲಿ ಬಳಕೆಗೆ ಬಂದ ಪಾಲಿಸಿಯೂ ಆ ಲೋಕಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಚಾಲಕ ಕಲಮು ಹೇಳುವುದಿಷ್ಟು: ವಿಮೆ ಮಾಡಿಸಿದವರೂ ಸೇರಿ ಯಾರು ಬೇಕಾದರೂ ಓಡಿಸಬಹುದು, ಅಪಘಾತದ ಹೊತ್ತಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಲೈಸೆನ್ಸ್ ಪಡೆಯಲು ಅನರ್ಹರಾಗಿರಬಾರದು. ಅಮೆರಿಕದಲ್ಲಿ ವಿಮಾ ಕಂಪನಿ ಮನೆಯಲ್ಲಿ ಲೈಸೆನ್ಸ್ ಇರುವವರೆಲ್ಲರ ಪಟ್ಟಿ ಕೇಳುತ್ತದೆ. ಬ್ರಿಟನ್ನಿನಲ್ಲಿ ಚಾಲಕರ ಹೆಸರು, ವಯಸ್ಸು ನೋಡಿ ಕಂತು ಗೊತ್ತುಮಾಡುತ್ತಾರೆ. ಅಲ್ಲಿ ಅಪ್ಪ ಓಡಿಸುವುದು ಬಿಟ್ಟರೆ ಪಾಲಿಸಿಯೇ ಬದಲಾಗುತ್ತದೆ. ಇಲ್ಲಿ ವಿಮೆ ಕಾರಿಗೆ ಅಂಟಿಕೊಂಡಿದೆ. ಅಪ್ಪ ಬಿಟ್ಟದ್ದು ಕಂಪನಿಗೆ ಗೊತ್ತೇ ಆಗುವುದಿಲ್ಲ.

ಟಿವಿಎಸ್ ಬಳಗದ ಮದ್ರಾಸ್ ಮೋಟಾರ್ ಅಂಡ್ ಜನರಲ್‌ನಂಥ ಖಾಸಗಿ ಕಂಪನಿಗಳು ಆಗ ದಕ್ಷಿಣದಲ್ಲಿ ಈ ವ್ಯಾಪಾರ ನಡೆಸುತ್ತಿದ್ದವು. 1971ರ ಮೇ 13ರಂದು ಸರ್ಕಾರ ಇಂಥ ಕಂಪನಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1973ರ ಜನವರಿ 1ರಿಂದ 107 ಸಂಸ್ಥೆಗಳು ಕರಗಿ ನಾಲ್ಕಾದವು. ಕೋಲ್ಕತ್ತದ ನ್ಯಾಷನಲ್, ಮುಂಬಯಿಯ ನ್ಯೂ ಇಂಡಿಯಾ, ದೆಹಲಿಯ ಓರಿಯೆಂಟಲ್, ಮದ್ರಾಸಿನ ಯುನೈಟೆಡ್ ಇಂಡಿಯಾ. ಕಂಪನಿ ಯಾವುದಾದರೂ ಆಗ ದರಪಟ್ಟಿ ಒಂದೇ ಇತ್ತು. 2002ರ ಅಖಿಲ ಭಾರತ ಮೋಟಾರ್ ಟಾರಿಫ್ ತೆರೆದು ನೋಡಿದರೆ ಕಾರಿನ ಸಿಸಿ ಎಷ್ಟು, ಬೆಲೆ ಎಷ್ಟು, ಐದು ವರ್ಷದೊಳಗಿನದೋ ಹತ್ತು ದಾಟಿದ್ದೋ, ನೋಂದಣಿ ಯಾವ ವಲಯದಲ್ಲಿ ಎಂದೆಲ್ಲ ಕೇಳುತ್ತದೆ. ಬೆಂಗಳೂರು, ಹೈದರಾಬಾದ್, ಚೆನ್ನೈ ಸೇರಿ ಎಂಟು ಮಹಾನಗರಗಳು ಎ ವಲಯ. ಆದವಾನಿಯಂಥ ಊರುಗಳೆಲ್ಲ ಬಿ ವಲಯ, ಕಂತು ತುಸು ಕಡಿಮೆ. ಕಾರಿನ ವಯಸ್ಸನ್ನು ಇಷ್ಟು ಕಾಳಜಿಯಿಂದ ಕೇಳಿದ ಪಟ್ಟಿ ಓಡಿಸುವವರ ವಯಸ್ಸಿಗೆ ಒಂದು ಕಾಲಮನ್ನೂ ಇಡಲಿಲ್ಲ.

ಸಂಬಳದ ಡ್ರೈವರನ್ನು ಮಾತ್ರ ಕಾನೂನು ಮರೆಯಲಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಹೊಣೆಯನ್ನು ಮೋಟಾರು ಪಾಲಿಸಿಯೊಳಗೇ ತಂದಿತು. ಇಂದಿಗೂ ಪಾಲಿಸಿ ಹಾಳೆಯ ಬಲಗಡೆ, ಥರ್ಡ್ ಪಾರ್ಟಿ ಕಂತಿನ ಕೆಳಗೆ, ಪೇಯ್ಡ್ ಡ್ರೈವರ್ ಎಂದು 50 ರೂಪಾಯಿಯ ಒಂದು ಸಾಲು ಕಾಣುತ್ತದೆ. ವಯಸ್ಸಾದ ಅಪ್ಪನ ಕಾರಿಗೆ ಊರ ಹುಡುಗನನ್ನು ಸಂಬಳಕ್ಕೆ ಇಟ್ಟವರು ಆ ಸಾಲು ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಇಡೀ ಹಾಳೆಯಲ್ಲಿ ಅದಕ್ಕಿಂತ ಅಗ್ಗದ ಸಾಲು ಸಿಗುವುದು ಕಷ್ಟ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಕಾರಿನ ಹತ್ತಿರ ಸುಳಿಯದವರು ನಿಧಾನಕ್ಕೆ ಕಾರು ಕೊಂಡರು. ಬ್ಯಾಂಕಿನವರು, ಮೇಷ್ಟರು, ವೈದ್ಯರು, ದಲ್ಲಾಳಿ ಅಂಗಡಿಯವರು ನಡುವಯಸ್ಸಿನಲ್ಲಿ ಕ್ಲಚ್ಚು-ಗೇರು ಕಲಿತು, ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ಎಂಟು ಹಾಕಿ ಲೈಸೆನ್ಸ್ ತೆಗೆದುಕೊಂಡರು. ಮಾಲೀಕನೂ ಚಾಲಕನೂ ಒಬ್ಬನೇ ಆದ. ಆಗ ನಲವತ್ತರ ಆಸುಪಾಸಿನಲ್ಲಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಸಾಹುಕಾರರ ಕಾಲದ ಪಾಲಿಸಿ ಅವರ ಕೈಯಲ್ಲಿದೆ.

ಖಾಸಗಿ ಕಾರು ಓಡಿಸಲು ಭಾರತದಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ಇರುವುದು ಲೈಸೆನ್ಸಿನ ಅವಧಿ ಮಾತ್ರ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರಿಗೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ವೈದ್ಯರು ಸಹಿ ಹಾಕಿದ ನಮೂನೆ 1ಎ. ದೈಹಿಕ ಅರ್ಹತೆಯ ಸ್ವಯಂ ಘೋಷಣೆಯಲ್ಲಿ ಒಳ್ಳೆಯ ಪ್ರಶ್ನೆಯೊಂದಿದೆ: ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಯೇ ಆಗಲಿ, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ? ಮಕ್ಕಳು ಯಾವ ಕಚೇರಿಗೂ ಹೋಗದೆ ಗುಡಿಯ ಬಯಲಲ್ಲೇ ನಡೆಸಬಹುದಾದ ಪರೀಕ್ಷೆ ಇದು. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಚಾಲ್ತಿಯಲ್ಲಿರುತ್ತಿತ್ತು. ಆ ರಿಯಾಯಿತಿಯನ್ನೂ 2019ರ ತಿದ್ದುಪಡಿ ತೆಗೆದುಹಾಕಿತು.

ಆದರೆ ಹಿರಿಯರು ಡ್ರೈವಿಂಗನ್ನು ಒಂದು ದಿನ ನಿಂತು ಬಿಡುವುದಿಲ್ಲ. ಮೊದಲು ರಾತ್ರಿ ಓಡಿಸುವುದು ನಿಲ್ಲುತ್ತದೆ, ಆಮೇಲೆ ಕರ್ನೂಲಿಗೆ ಹೋಗುವುದು, ಆಮೇಲೆ ಆದವಾನಿ ಪೇಟೆಗೆ. ಕೊನೆಗೆ ಉಳಿಯುವುದು "ಈರಣ್ಣನ ಗುಡಿತನಕ ತಾನೇ, ನಾನೇ ಹೋಗಿಬರ್ತೀನಿ" ಎಂಬ ಮಾತು. ಅಷ್ಟರಲ್ಲಿ ಲೈಸೆನ್ಸಿನ ಅವಧಿ ಸದ್ದಿಲ್ಲದೆ ಮುಗಿದಿರುತ್ತದೆ. ಅಂಥ ಹೊತ್ತಿನಲ್ಲಿ ದಾರಿಹೋಕರೊಬ್ಬರಿಗೆ ಗಾಡಿ ತಗುಲಿದರೆ? 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹಾಕಿಕೊಟ್ಟ ದಾರಿ ಈಗಲೂ ಆಧಾರ. ಲೈಸೆನ್ಸ್ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ನೊಂದವರನ್ನು ಬರಿಗೈಯಲ್ಲಿ ಕಳಿಸಬಾರದು. ತಪ್ಪು ಮಾಲೀಕರದು ಎಂದು ಸಾಬೀತಾದರೂ ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕಾಗಬಹುದು. ದಾರಿಹೋಕರು ಉಳಿದುಕೊಳ್ಳುತ್ತಾರೆ, ಹಿರಿಯರ ಹೊಲ-ಮನೆಗೆ ಸಂಚಕಾರ ಬರುತ್ತದೆ. ಸ್ವಂತ ಕಾರಿನ ರಿಪೇರಿ ಖರ್ಚಂತೂ ಕೇಳುವ ಹಾಗಿಲ್ಲ.

ಹಳೆಯ ಕಾಗದದ ಪ್ರಪೋಸಲ್ ಫಾರಂ ತುಂಬಿದವರಿಗೆ ಒಂದು ಪ್ರಶ್ನೆ ನೆನಪಿದ್ದೀತು. ಓಡಿಸುವವರಿಗೆ ದೃಷ್ಟಿದೋಷ, ಕಿವಿ ಮಂದ, ಬೇರೆ ಅಂಗವೈಕಲ್ಯ ಏನಾದರೂ ಇದೆಯೇ ಎಂದು ಅದು ಕೇಳುತ್ತಿತ್ತು. ಏಜೆಂಟರು "ಇಲ್ಲ" ಎಂಬಲ್ಲಿ ತಾವೇ ಟಿಕ್ ಹಾಕಿ ಮುಂದೆ ಹೋಗುತ್ತಿದ್ದರೆನ್ನಿ. ಈಗ ಫೋನಿನಲ್ಲಿ ಎರಡು ನಿಮಿಷಕ್ಕೆ ನವೀಕರಣವಾಗುತ್ತದೆ, ಗಾಡಿ ನಂಬರ್ ಹಾಕಿದರೆ ಉಳಿದದ್ದೆಲ್ಲ ತಾನಾಗಿ ತುಂಬುತ್ತದೆ. ಯಜಮಾನರ ಕಣ್ಣಿನ ವಿಷಯ ಅಲ್ಲಿ ಬರುವುದೇ ಇಲ್ಲ.

ನಿಜವಾದ ತೊಡಕು ಇನ್ನೊಂದು ಸಾಲಿನಲ್ಲಿದೆ. ಮಾಲೀಕನೇ ಚಾಲಕ ಎಂಬ ಬದಲಾವಣೆಯನ್ನು ಗುರುತಿಸಿದ 2002ರ ಟಾರಿಫ್, ಮಾಲೀಕ-ಚಾಲಕರಿಗೆ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇಟ್ಟಿತು. ಕಾರಿಗೆ 2 ಲಕ್ಷ, ಬೈಕಿಗೆ 1 ಲಕ್ಷ. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ನಂತರ 2018ರ ಸೆಪ್ಟೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು 15 ಲಕ್ಷಕ್ಕೆ ಏರಿಸಿತು. ಆಗ ನಿಗದಿಯಾದ ಕಂತು ವರ್ಷಕ್ಕೆ 750 ರೂಪಾಯಿ, ಜಿಎಸ್‌ಟಿ ಬೇರೆ. ಈ ರಕ್ಷಣೆಗೆ ಮೂರು ಷರತ್ತು. ಆರ್‌ಸಿಯಲ್ಲಿ ಅವರ ಹೆಸರಿರಬೇಕು, ಪಾಲಿಸಿ ಅವರದಾಗಿರಬೇಕು, ಅವರಲ್ಲಿ ಚಾಲ್ತಿಯ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದ ಮಾಲೀಕರಿಗೆ ಈ ವಿಮೆ ಕೊಡಲೇಬಾರದು, ಕಂತನ್ನೂ ಕೇಳಬಾರದು ಎಂದು ಟಾರಿಫ್ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ ಲೈಸೆನ್ಸ್ ಮುಗಿದ ಅಪ್ಪನ ಹೆಸರಲ್ಲಿ ಆ ಕಂತು ಕಟ್ಟುತ್ತಾ ಹೋಗುವ ಮನೆಗಳಿವೆ. ಅಪ್ಪ ಓಡಿಸುವುದಿಲ್ಲ, ಓಡಿಸುವ ಮಗನಿಗೆ ಆರ್‌ಸಿಯಲ್ಲಿ ಹೆಸರಿಲ್ಲ. ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿರುವ ಅಪ್ಪ ಕೂಡ ಸಹಚಾಲಕರಾಗಿ ಮುಂದೆ ಕೂತರೆ ಒಂದು ಲೆಕ್ಕ, ಮಂಡಿ ನೋವೆಂದು ಹಿಂದಿನ ಸೀಟಿಗೆ ಹೋದರೆ ಇನ್ನೊಂದು ಲೆಕ್ಕ.

"ಗಾಡಿ ಯಾರ ಹೆಸರ್ಲೆ ಐತಪ್ಪಾ?" ಎಂದು ಏಜೆಂಟರು ಕೇಳಿದರೆ, "ನಮ್ಮ ಅಪ್ಪಾರ ಹೆಸರ್ಲೆನೇ ಐತಿ, ಇರ್ಲಿ ಬಿಡ್ರಿ" ಎನ್ನುವುದು ಇಲ್ಲಿಯ ಸಾಮಾನ್ಯ ಉತ್ತರ. ಅಪ್ಪ ಬದುಕಿರುವಾಗ ಹೆಸರು ತೆಗೆಸುವುದು ಯಾರಿಗೂ ಹಿತವಲ್ಲ. ಹೊಲದ ಪಹಣಿಗೆ ಅನ್ವಯಿಸುವ ಮರ್ಯಾದೆಯೇ ಕಾರಿಗೂ.

ಬೇರೆಯವರ ಹೆಸರಿನ ಗಾಡಿ ಓಡಿಸುವುದರ ಬೆಲೆ ಏನೆಂದು ಕನ್ನಡ ನಾಡಿನದೇ ಒಂದು ಪ್ರಕರಣ ತೋರಿಸಿಕೊಟ್ಟಿತು. ಪರಿಚಿತರ ಬೈಕು ಪಡೆದು ಇಳಕಲ್ಲಿನಿಂದ ತನ್ನೂರು ಗುಡೂರಿಗೆ ಹೊರಟವನೊಬ್ಬ, ಕಬ್ಬಿಣದ ತಗಡು ಹೇರಿಕೊಂಡು ಮುಂದೆ ಹೋಗುತ್ತಿದ್ದ ಎತ್ತಿನಗಾಡಿ ಗಕ್ಕನೆ ನಿಂತಾಗ ಅದಕ್ಕೆ ಬಡಿದು ತೀರಿಕೊಂಡ. ಮನೆಯವರ ಅರ್ಜಿ 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾಲೀಕರಿಂದ ಗಾಡಿ ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಥರ್ಡ್ ಪಾರ್ಟಿ ಅಲ್ಲ, ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಅಂದಿನ 163ಎ ಕಲಮಿನಡಿ ಪರಿಹಾರವಿಲ್ಲ ಎಂದಿತು ನ್ಯಾಯಾಲಯ. 2020ರಲ್ಲಿ ರಾಜಸ್ಥಾನದ ಇಂಥದೇ ಇನ್ನೊಂದು ಪ್ರಕರಣದಲ್ಲಿ ತತ್ವ ಅದೇ ಉಳಿಯಿತು. ಪಾಲಿಸಿಯಲ್ಲಿದ್ದ ಮಾಲೀಕ-ಚಾಲಕ ವಿಮೆಯ 1 ಲಕ್ಷ ಮಾತ್ರ ಸಿಕ್ಕಿತು. ಅಪ್ಪನ ಕಾರು ಓಡಿಸುವ ಮಗ "ಪರರ ಗಾಡಿ" ಎಂದುಕೊಳ್ಳುವುದಿಲ್ಲ, ಸರಿ. ಕಾನೂನು ರಕ್ತಸಂಬಂಧ ನೋಡುವುದಿಲ್ಲ, ಆರ್‌ಸಿ ನೋಡುತ್ತದೆ.

ಕಾರು ಹಳೆಯದಾಯಿತು, ಅಪ್ಪನೂ ಓಡಿಸುವುದಿಲ್ಲ, ಫುಲ್ ಇನ್ಶೂರೆನ್ಸ್ ಯಾಕೆ, ಥರ್ಡ್ ಪಾರ್ಟಿ ಸಾಕು ಎಂಬ ಉಳಿತಾಯವೂ ಸಾಮಾನ್ಯ. ಸಾವಿರ ಸಿಸಿಯೊಳಗಿನ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಕಂತು 2,094 ರೂಪಾಯಿ. ಇದರಲ್ಲಿ ಕಾಣದ ನಷ್ಟ ಹಿಂದಿನ ಸೀಟಿನದು. ಫುಲ್ ಪಾಲಿಸಿ ಕಾರಿನಲ್ಲಿ ಕೂತವರನ್ನೂ ಒಳಗೊಳ್ಳುತ್ತದೆ ಎಂದು ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಕಂಪನಿಗಳಿಗೆ ನೆನಪಿಸಿತ್ತು. ಬರೀ ಕಡ್ಡಾಯ ಪಾಲಿಸಿಗೆ ನ್ಯಾಯಾಲಯಗಳು ಆ ವಿಸ್ತಾರ ಕೊಟ್ಟಿಲ್ಲ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಓಡಾಡುವ ಮನೆಗೆ ಇದು ಚಿಲ್ಲರೆ ವಿಷಯವಲ್ಲ.

ಹೆಸರು ಬದಲಿಸಲು ಹೊರಟವರಿಗೆ ಬೇರೊಂದು ಬಿಸಿ. ವರ್ಷಗಟ್ಟಲೆ ಕ್ಲೇಮ್ ಮಾಡದೆ ಅಪ್ಪ ಗಳಿಸಿದ ನೋ ಕ್ಲೇಮ್ ಬೋನಸ್ ಐದು ವರ್ಷದಲ್ಲಿ ಶೇಕಡಾ 50 ಮುಟ್ಟುತ್ತದೆ. ಅದು ಕಾರಿನದಲ್ಲ, ವ್ಯಕ್ತಿಯದು. ಅಪ್ಪ ಬದುಕಿರುವಾಗ ಕಾರನ್ನು ಮಗನಿಗೆ ವರ್ಗಾಯಿಸಿದರೆ ಬೋನಸ್ ಜೊತೆಗೆ ಬರುವುದಿಲ್ಲ. ಅಪ್ಪ ತೀರಿಕೊಂಡು ಕಾರು ಹೆಂಡತಿಗೋ ಮಕ್ಕಳಿಗೋ ಹೋದರೆ ಬೋನಸ್ಸೂ ಹೋಗುತ್ತದೆ ಎಂದು ಅದೇ ಟಾರಿಫ್ ಬರೆದಿದೆ. ನಿಯಮ ಬರೆದವರಿಗೆ ಮುಪ್ಪು ಹೊಳೆಯಲಿಲ್ಲ, ಸಾವು ಮಾತ್ರ ಹೊಳೆಯಿತು. ಸಾವಿನ ನಂತರವೂ ಪಾಲಿಸಿ ಮೂರು ತಿಂಗಳು ಅಥವಾ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಜೀವಂತವಾಗಿರುತ್ತದೆ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಆದವಾನಿ ಸೀಮೆಯಲ್ಲಿ ಇದರ ಮೇಲೆ ರಾಜ್ಯದ ಗೆರೆ ಬೇರೆ. ಅಪ್ಪ ಉರುಕುಂದದಲ್ಲಿ, ಮಗ ಬೆಂಗಳೂರಿನಲ್ಲಿ ಎಂಬುದು ಇಲ್ಲಿ ಮನೆಮನೆಯ ಕತೆ. ಪಾಲಿಸಿ ದೇಶದಲ್ಲೆಲ್ಲ ನಡೆಯುತ್ತದೆ, ಲೈಸೆನ್ಸೂ ನಡೆಯುತ್ತದೆ. ಗಾಡಿ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲೇ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಎನ್‌ಓಸಿಗೆ ನಮೂನೆ 28, ಹೆಸರಿಗೆ 29 ಮತ್ತು 30, ಆಂಧ್ರದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್ ಇದ್ದರೂ ಕರ್ನಾಟಕದಲ್ಲಿ ಮತ್ತೊಮ್ಮೆ. ನೋಂದಣಿ ಬೆಂಗಳೂರಿಗೆ ಹೋದರೆ ವಿಮೆಯಲ್ಲಿ ಬಿ ವಲಯ ಎ ವಲಯವಾಗುತ್ತದೆ. ಹೆಸರು ಬದಲಾದ ಮೇಲೆ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ತಿಳಿಸದಿದ್ದರೆ ಥರ್ಡ್ ಪಾರ್ಟಿ ಭಾಗ ಕಾನೂನಿನ ಬಲದಿಂದ ಉಳಿಯುತ್ತದೆ, ಸ್ವಂತ ಕಾರಿನ ನಷ್ಟದ ಭಾಗ ಉಳಿಯುವುದಿಲ್ಲ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟೆಲ್ಲ ಕೇಳಿದ ಮಗ "ಇರ್ಲಿ ಬಿಡ್ರಿ" ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಸೋಮಾರಿತನಕ್ಕಿಂತ ಹೆಚ್ಚಾಗಿ ಅದರಲ್ಲಿ ಲೆಕ್ಕಾಚಾರವಿದೆ, ಲೆಕ್ಕ ಅರ್ಧ ಮಾತ್ರ ಆಗಿದೆ ಅಷ್ಟೆ.

ಕಾರನ್ನು ಯಾರೂ ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸುವ ಮನೆಗಳಿಗೂ ಹಳೆಯ ಟಾರಿಫ್‌ನಲ್ಲಿ ಒಂದು ಕಲಮಿತ್ತು. ಎರಡು ತಿಂಗಳು ಅಥವಾ ಹೆಚ್ಚು ಗಾಡಿ ನಿಂತೇ ಇರುತ್ತದೆಂದು ಮೊದಲೇ ತಿಳಿಸಿದರೆ, ಬೆಂಕಿ, ಕಳವಿನಂಥ ಅಪಾಯಗಳಿಗೆ ಮಾತ್ರ ರಕ್ಷಣೆ ಉಳಿಸಿಕೊಂಡು ಬಾಕಿಗೆ ರಿಯಾಯಿತಿ ಪಡೆಯಬಹುದಿತ್ತು. ಬಳಸಿದವರು ವಿರಳ, ಹೇಳಿದ ಏಜೆಂಟರು ಇನ್ನೂ ವಿರಳ. 2022ರ ಜುಲೈನಲ್ಲಿ ಪ್ರಾಧಿಕಾರ, ಓಡಿದಷ್ಟಕ್ಕೇ ಕಂತು ಕಟ್ಟುವ ಬಗೆಯ ಪಾಲಿಸಿಗೆ ಒಪ್ಪಿಗೆ ಕೊಟ್ಟಿತು. ಎಂಬತ್ತರ ಹಿರಿಯರ, ಗುಡಿಗೂ ಆಸ್ಪತ್ರೆಗೂ ಮಾತ್ರ ಹೊರಡುವ ಕಾರಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ಜಪಾನಿನಲ್ಲಿ 1998ರಿಂದ ವಯಸ್ಸಾದವರು ಲೈಸೆನ್ಸನ್ನು ಸ್ವಇಚ್ಛೆಯಿಂದ ಹಿಂದಿರುಗಿಸಬಹುದು. ಹಾಗೆ ಹಿಂದಿರುಗಿಸಿದವರಿಗೆ ಹಲವು ಊರುಗಳು ಬಸ್, ಟ್ಯಾಕ್ಸಿ ದರದಲ್ಲಿ ರಿಯಾಯಿತಿ ಕೊಡುತ್ತವೆ. ಇಲ್ಲಿ ಅಂಥ ಪದ್ಧತಿ ಇಲ್ಲ. ಕಾರು ಬಿಟ್ಟ ಹಿರಿಯರನ್ನು ಶ್ರಾವಣದಲ್ಲಿ ಊರವರೊಂದಿಗೆ ಟ್ರ್ಯಾಕ್ಟರ್ ಟ್ರಾಲಿ ಹತ್ತಿಸುವುದೂ ಉಂಟು. ಸರಕು ಗಾಡಿಯಲ್ಲಿ ಪುಕ್ಕಟೆ ಪಯಣಿಸುವವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿರುವುದು ಟ್ರಾಲಿ ಹತ್ತುವವರಿಗೆ ತಿಳಿದಿರುವುದಿಲ್ಲ. ಅದಕ್ಕಿಂತ ಬಸ್ಸು ವಾಸಿ. ಅರುವತ್ತು ದಾಟಿದವರಿಗೆ ಆಂಧ್ರದ ಎಪಿಎಸ್‌ಆರ್‌ಟಿಸಿ ಟಿಕೆಟ್ಟಿನಲ್ಲಿ ಶೇಕಡಾ 25 ರಿಯಾಯಿತಿ ಕೊಡುತ್ತದೆ. ಕರ್ನಾಟಕದ ಕೆಎಸ್‌ಆರ್‌ಟಿಸಿ ಕೂಡ ಅಷ್ಟೇ ಕೊಡುತ್ತದೆ.